ಎರಡೂವರೆ ಕೋಟಿ ಬೇಕಾದವರಿಗೆ ಷೇರುಪೇಟೆ ಇಲ್ಲ

(ಸಣ್ಣ ಕೈಗಾರಿಕೆ ನಡೆಸುವವರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಸಣ್ಣ ಉದ್ಯಮಗಳು ಷೇರುಪೇಟೆಯಿಂದ ಬಂಡವಾಳ ಎತ್ತುವ ಬಗ್ಗೆ ಮಾತನಾಡಿ ಎಂದು ನನ್ನನ್ನು ಕರೆದಿದ್ದೀರಿ. ಈ ವಿಷಯದ ಮೇಲೆ ಈಚಿನ ವರ್ಷಗಳಲ್ಲಿ ನೀವು ಕೇಳಿರುವ ಭಾಷಣಗಳಲ್ಲಿ ಹೆಚ್ಚಿನವು ಮರ್ಚೆಂಟ್ ಬ್ಯಾಂಕರುಗಳವು, ಅಂದರೆ ಕಂಪನಿಗಳ ಷೇರು ಮಾರಾಟವನ್ನು ನಡೆಸಿಕೊಡುವವರವು. ಪರದೆಯ ಮೇಲಿನ ಮೊದಲ ಚಿತ್ರದಲ್ಲಿ ಮೇಲೇರುವ ಗೆರೆ ಇರುತ್ತದೆ, ಕೊನೆಯ ಚಿತ್ರದಲ್ಲಿ ಪ್ರವರ್ತಕರು ಕುಟುಂಬ ಸಮೇತ ನಿಂತು ಗಂಟೆ ಬಾರಿಸುತ್ತಿರುತ್ತಾರೆ. ನಾನು ಲೆಕ್ಕಪರಿಶೋಧಕ. ಆ ಎರಡು ಚಿತ್ರಗಳ ನಡುವೆ ನಡೆಯುವುದನ್ನಷ್ಟೇ ನಾನು ಹೇಳಬಲ್ಲೆ.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಪೀಣ್ಯದಲ್ಲಿ ಅಣ್ಣ ತಮ್ಮ ಇಬ್ಬರು ಪಾಲುದಾರಿಕೆಯಲ್ಲಿ ಬಿಡಿಭಾಗ ತಯಾರಿಸುವ ವರ್ಕ್‌ಶಾಪ್ ನಡೆಸುತ್ತಿದ್ದಾರೆ. ವರ್ಷಕ್ಕೆ 18 ಕೋಟಿ ರೂಪಾಯಿ ವಹಿವಾಟು. ಮಾಲಿನ ಬಹುಪಾಲು ಎರಡು ದೊಡ್ಡ ಕಂಪನಿಗಳಿಗೆ ಹೋಗುತ್ತದೆ. ಹೊಸ ಸಿಎನ್‌ಸಿ ಯಂತ್ರಗಳಿಗೆ ಎರಡೂವರೆ ಕೋಟಿ ಬೇಕು. ಬ್ಯಾಂಕಿನ ಸಿಸಿ (ದುಡಿಯುವ ಬಂಡವಾಳದ ಸಾಲ) ಮಿತಿ ತುಂಬಿದೆ, ಮನೆ ಅಡಮಾನದಲ್ಲಿದೆ. ಅಣ್ಣ ಯಾವುದೋ ಪತ್ರಿಕೆಯಲ್ಲಿ ಎಸ್‌ಎಂಇ ಐಪಿಒ, ಅಂದರೆ ಸಣ್ಣ ಮತ್ತು ಮಧ್ಯಮ ಕಂಪನಿಗಳು ಮೊದಲ ಬಾರಿಗೆ ಜನರಿಗೆ ಷೇರು ಮಾರುವುದರ ಬಗ್ಗೆ ಓದಿ, ‘ನಾವೂ ಯಾಕೆ ಹೋಗಬಾರದು?’ ಎಂದು ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ.

ನಿಯಮದ ಪುಸ್ತಕ ಅವನನ್ನು ಬಾಗಿಲಲ್ಲೇ ತಡೆಯುವುದಿಲ್ಲ ಎಂಬುದನ್ನು ಮೊದಲು ಹೇಳಬೇಕು. ಬಿಎಸ್‌ಇ ತನ್ನ ಎಸ್‌ಎಂಇ ವೇದಿಕೆಯನ್ನು 2012ರ ಮಾರ್ಚ್‌ನಲ್ಲಿ ತೆರೆಯಿತು. ಎನ್‌ಎಸ್‌ಇಯ ಇಂಥದೇ ವೇದಿಕೆ ಎಮರ್ಜ್ ಅದೇ ವರ್ಷ ಬಂತು. ಷೇರು ನೀಡಿದ ಮೇಲೆ ಪಾವತಿಯಾದ ಬಂಡವಾಳ 25 ಕೋಟಿ ಮೀರದ ಕಂಪನಿಗಳಿಗೆ ಇವು ಮೀಸಲು. ಮುಖ್ಯ ಪೇಟೆಗೆ ಬರುವವರ ಕರಡು ಪ್ರಾಸ್ಪೆಕ್ಟಸನ್ನು (ಷೇರು ಮಾರಾಟದ ವಿವರಪತ್ರ) ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಪರಿಶೀಲಿಸಿದರೆ, ಇಲ್ಲಿ ಎಕ್ಸ್‌ಚೇಂಜ್ ಮಟ್ಟದಲ್ಲೇ ಅದು ಮುಗಿಯುತ್ತದೆ. ನಮ್ಮ ಅಣ್ಣ ತಮ್ಮಂದಿರು ಪಾಲುದಾರಿಕೆಯನ್ನು ಕಂಪನಿಯಾಗಿ, ಕಂಪನಿಯನ್ನು ಪಬ್ಲಿಕ್ ಲಿಮಿಟೆಡ್ ಆಗಿ ಬದಲಿಸಬೇಕು. ಕನಿಷ್ಠ ಏಳು ಷೇರುದಾರರು, ಮೂವರು ನಿರ್ದೇಶಕರು ಬೇಕು. ಷೇರುಪೇಟೆಯಲ್ಲಿ ಪಟ್ಟಿಯಾದ ಮೇಲೆ ಸ್ವತಂತ್ರ ನಿರ್ದೇಶಕರು, ಒಬ್ಬ ಮಹಿಳಾ ನಿರ್ದೇಶಕಿ, ಆಡಿಟ್ ಸಮಿತಿ, ಪೂರ್ಣಾವಧಿ ಕಂಪನಿ ಕಾರ್ಯದರ್ಶಿ ಇರಬೇಕು. ಇವೆಲ್ಲ ತಲೆನೋವು ನಿಜ, ಆದರೆ ಮಾಡಲಾಗದ್ದಲ್ಲ.

ತಡೆಯುವುದು ಬೇರೆ. ಈ ಕೆಲಸಕ್ಕೆ ಆಗುವ ಖರ್ಚಿನ ಬಹುಪಾಲು, ನೀವು ಎಷ್ಟು ಹಣ ಎತ್ತುತ್ತೀರಿ ಎಂಬುದನ್ನು ನೋಡುವುದಿಲ್ಲ. ಮರ್ಚೆಂಟ್ ಬ್ಯಾಂಕರ್, ವಕೀಲರು, ಮೂರು ವರ್ಷದ ಲೆಕ್ಕವನ್ನು ಮರುರೂಪಿಸುವ ಪೀರ್ ರಿವ್ಯೂ (ಸಹವೃತ್ತಿಯವರಿಂದ ತಪಾಸಣೆ) ಆದ ಆಡಿಟರ್, ರಿಜಿಸ್ಟ್ರಾರ್, ಎಕ್ಸ್‌ಚೇಂಜ್ ಶುಲ್ಕ, ಜಾಹೀರಾತು, ಮಾರ್ಕೆಟ್ ಮೇಕರ್ ಎಲ್ಲ ಸೇರಿ ಒಂದೂಕಾಲು ಕೋಟಿ ಆಯಿತು ಎಂದಿಟ್ಟುಕೊಳ್ಳಿ. 25 ಕೋಟಿ ಎತ್ತುವ ಕಂಪನಿಗೆ ಅದು ನೂರಕ್ಕೆ ಐದು. ಎರಡೂವರೆ ಕೋಟಿ ಎತ್ತುವವನಿಗೆ ನೂರಕ್ಕೆ ಐವತ್ತು. ಕಾನೂನು ಇನ್ನೆಷ್ಟೇ ಸರಳವಾದರೂ ಈ ಭಾಗಾಕಾರ ಬದಲಾಗುವುದಿಲ್ಲ.

ಮರ್ಚೆಂಟ್ ಬ್ಯಾಂಕರನ ಕಡೆಯಿಂದಲೂ ನೋಡಬೇಕು. ಎಸ್‌ಎಂಇ ಐಪಿಒ ಪೂರ್ತಿಯಾಗಿ ಅಂಡರ್‌ರೈಟ್ ಆಗಬೇಕು ಎಂಬ ನಿಯಮವಿದೆ. ಅಂದರೆ ಜನ ಕೊಳ್ಳದೇ ಉಳಿದ ಷೇರುಗಳನ್ನು ಯಾರಾದರೂ ಕೊಳ್ಳುವ ಹೊಣೆ ಹೊರಬೇಕು. ಅದರಲ್ಲಿ ಕನಿಷ್ಠ ಶೇ. 15ರ ಹೊಣೆ ಮರ್ಚೆಂಟ್ ಬ್ಯಾಂಕರನದೇ. ಪಟ್ಟಿಯಾದ ಮೇಲೆ ಮೂರು ವರ್ಷ ಮಾರ್ಕೆಟ್ ಮೇಕರ್ ಇರಬೇಕು, ಅವನು ದಿನದ ವಹಿವಾಟಿನ ವೇಳೆಯ ಶೇ. 75ರಷ್ಟು ಕಾಲ ಕೊಳ್ಳುವ ಬೆಲೆ, ಮಾರುವ ಬೆಲೆ ಎರಡನ್ನೂ ಕೂಗಬೇಕು. ಇಷ್ಟು ಹೊರೆ ಹೊರುವವನು ಎರಡೂವರೆ ಕೋಟಿಯ ಕೆಲಸಕ್ಕೆ ಯಾಕೆ ಬರುತ್ತಾನೆ? ಬಂದರೂ ಒಂದು ಮಾತು ಹೇಳುತ್ತಾನೆ: ‘ಎರಡೂವರೆ ಯಾಕೆ? ಹದಿನೈದು ಎತ್ತೋಣ.’

ಈ ಮಾತಿನ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ಎಸ್‌ಎಂಇ ಪೇಟೆಯಲ್ಲಿ ನಡೆದ ಬಹಳಷ್ಟು ಕೆಡುಕಿನ ಬೇರು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಬೇಕಾದದ್ದು ಎರಡೂವರೆ, ಎತ್ತಿದ್ದು ಹದಿನೈದು. ಉಳಿದ ಹನ್ನೆರಡೂವರೆ ಕೋಟಿಯನ್ನು ಏನು ಮಾಡುತ್ತೇವೆಂದು ಪ್ರಾಸ್ಪೆಕ್ಟಸಿನಲ್ಲಿ ಬರೆಯಬೇಕಲ್ಲ? ಆಗ ಅಗತ್ಯಗಳನ್ನು ಹುಟ್ಟಿಸುವ ಕೆಲಸ ಶುರುವಾಗುತ್ತದೆ. ದುಡಿಯುವ ಬಂಡವಾಳಕ್ಕೆ ಇಷ್ಟು, ‘ಸಾಮಾನ್ಯ ಕಾರ್ಪೊರೇಟ್ ಉದ್ದೇಶ’ಕ್ಕೆ ಇಷ್ಟು, ಯಾರೂ ಕೇಳಿರದ ಮಾರಾಟಗಾರನಿಂದ ತಂತ್ರಾಂಶಕ್ಕೆ ಇಷ್ಟು. 2024ರ ಟ್ರಾಫಿಕ್‌ಸಾಲ್ ಕಂಪನಿಯ ಪ್ರಕರಣ ನೆನಪಿಸಿಕೊಳ್ಳಿ. ಸುಮಾರು 45 ಕೋಟಿಯ ಆ ಐಪಿಒದಲ್ಲಿ 17 ಕೋಟಿಗೂ ಹೆಚ್ಚು ಹಣ ಒಂದು ತಂತ್ರಾಂಶ ಖರೀದಿಗೆಂದು ತೋರಿಸಲಾಗಿತ್ತು. ಆ ಮಾರಾಟಗಾರ ಸಂಸ್ಥೆಯ ಬಗ್ಗೆ ದೂರು ಬಂದು, ಬಿಎಸ್‌ಇ ಪಟ್ಟಿ ಮಾಡುವುದನ್ನು ತಡೆಹಿಡಿಯಿತು. ಹೂಡಿಕೆದಾರರಿಗೆ ಹಣ ವಾಪಸು ಕೊಡಬೇಕೆಂದು ಡಿಸೆಂಬರ್‌ನಲ್ಲಿ ಸೆಬಿ ಆದೇಶಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ದೆಹಲಿಯ ದ್ವಿಚಕ್ರ ವಾಹನ ಡೀಲರ್ ಒಬ್ಬರ ಐಪಿಒ ಬಂದಿತ್ತು. ಎರಡು ಷೋರೂಮ್, ಎಂಟು ನೌಕರರು, ಎತ್ತಬೇಕಿದ್ದದ್ದು 12 ಕೋಟಿ. ಬಂದ ಬೇಡಿಕೆ ಸುಮಾರು 4,800 ಕೋಟಿ! ಡೀಲರ್ ಮಾಡಿದ ತಪ್ಪೇನೂ ಇಲ್ಲಿಲ್ಲ. ಆದರೆ ಅರ್ಜಿ ಹಾಕಿದವರು ಆ ಷೋರೂಮನ್ನು ನೋಡಿ ಹಾಕಿದ್ದಲ್ಲ, ಗ್ರೇ ಮಾರ್ಕೆಟ್ ಪ್ರೀಮಿಯಂ (ಪಟ್ಟಿಯಾಗುವ ಮೊದಲೇ ಅನಧಿಕೃತ ಪೇಟೆಯಲ್ಲಿ ಕೂಗುವ ಹೆಚ್ಚುವರಿ ಬೆಲೆ) ನೋಡಿ ಹಾಕಿದ್ದು ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ.

ಆ ವರ್ಷ ಸುಮಾರು 240 ಕಂಪನಿಗಳು ಈ ದಾರಿಯಲ್ಲಿ ಎಂಟೂವರೆ ಸಾವಿರ ಕೋಟಿಗೂ ಹೆಚ್ಚು ಎತ್ತಿದವು. ಬೆಲೆಗಳನ್ನು ಕೈವಾಡದಿಂದ ಏರಿಸುತ್ತಿರುವ ಕುರುಹುಗಳಿವೆ ಎಂದು ಆಗಿನ ಸೆಬಿ ಅಧ್ಯಕ್ಷೆ ಮಾಧವಿ ಪುರಿ ಬುಚ್ ಮಾರ್ಚ್‌ನಲ್ಲೇ ಬಹಿರಂಗವಾಗಿ ಹೇಳಿದ್ದರು. ನಂತರ ಏನಾಯಿತೆಂದು ನಿಮಗೆ ಗೊತ್ತು. 2025ರಲ್ಲಿ ನಿಯಮ ಬಿಗಿಯಾಯಿತು. ಹಿಂದಿನ ಮೂರು ವರ್ಷಗಳಲ್ಲಿ ಎರಡರಲ್ಲಾದರೂ ತಲಾ ಒಂದು ಕೋಟಿ ಕಾರ್ಯಾಚರಣೆಯ ಲಾಭ ಇರಬೇಕು. ಪ್ರವರ್ತಕರಿಂದ ಪಡೆದ ಸಾಲ ತೀರಿಸಲು ಐಪಿಒ ಹಣ ಬಳಸುವಂತಿಲ್ಲ. ಸಾಮಾನ್ಯ ಉದ್ದೇಶದ ಬಾಬ್ತು ಎತ್ತುವ ಹಣದ ಶೇ. 15 ಅಥವಾ 10 ಕೋಟಿ, ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಷೇರು ಹಂಚಿಕೆಯಾಗುವವರ ಸಂಖ್ಯೆ ಕನಿಷ್ಠ 50 ಇದ್ದದ್ದು 200ಕ್ಕೆ ಏರಿತು. ಮೊದಲು ಒಂದು ಲಕ್ಷ ಇದ್ದ ಕನಿಷ್ಠ ಅರ್ಜಿ ಮೊತ್ತ ಎರಡು ಲಕ್ಷ ದಾಟಿತು.

ಒಂದೊಂದೂ ಸರಿಯಾದ ನಿಯಮವೇ, ನಾನೂ ಬೆಂಬಲಿಸುತ್ತೇನೆ. ಆದರೆ ಮೋಸ ಮಾಡಿದವರು ಹಣ ಎತ್ತಿಕೊಂಡು ಹೋಗಿ ಆಗಿತ್ತು. ಬಿಗಿಯಾದ ಬಾಗಿಲು ಸಿಕ್ಕಿದ್ದು ಅವರ ಹಿಂದೆ ಸಾಲಿನಲ್ಲಿ ನಿಂತಿದ್ದವರಿಗೆ.

ಇದು ಹೊಸ ಕಥೆಯೂ ಅಲ್ಲ. 1992ರವರೆಗೆ ಯಾವ ಕಂಪನಿ ಷೇರು ಮಾರಬೇಕು, ಯಾವ ಬೆಲೆಗೆ ಮಾರಬೇಕು ಎಂಬುದನ್ನು ದೆಹಲಿಯಲ್ಲಿ ಕುಳಿತ ಬಂಡವಾಳ ನಿಯಂತ್ರಕರು ನಿರ್ಧರಿಸುತ್ತಿದ್ದರು. ಆ ಹುದ್ದೆ ರದ್ದಾದ ಕೂಡಲೇ ಸಣ್ಣ ದೊಡ್ಡ ಕಂಪನಿಗಳು ಸಾವಿರಾರು ಸಂಖ್ಯೆಯಲ್ಲಿ ಪೇಟೆಗೆ ಬಂದವು. ಸೀಗಡಿ ಸಾಕುವವರು, ತೇಗದ ತೋಟ ಮಾಡುವವರು, ರಫ್ತು ಮಾಡುವುದಾಗಿ ಹೇಳಿದ ಹೂವಿನವರು, ಎಲ್ಲರೂ ಬಂದರು. ಹಣ ಎತ್ತಿದ ಮೇಲೆ ಕೆಲವರ ಕಚೇರಿಯ ವಿಳಾಸದಲ್ಲಿ ಕಚೇರಿಯೇ ಇರಲಿಲ್ಲ. ‘ಕಣ್ಮರೆಯಾದ ಕಂಪನಿಗಳು’ ಎಂದು ಸರ್ಕಾರವೇ ಇನ್ನೂರಕ್ಕೂ ಹೆಚ್ಚು ಹೆಸರುಗಳ ಪಟ್ಟಿ ಮಾಡಬೇಕಾಯಿತು. 1996ರಲ್ಲಿ ಸೆಬಿ ಪ್ರವೇಶದ ನಿಯಮ ಬಿಗಿಗೊಳಿಸಿತು: ಹಿಂದಿನ ಐದು ವರ್ಷಗಳಲ್ಲಿ ಮೂರು ವರ್ಷ ಲಾಭಾಂಶ ಕೊಡಬಲ್ಲ ಸ್ಥಿತಿಯಲ್ಲಿರಬೇಕು, ಇಲ್ಲವೇ ಬ್ಯಾಂಕು ಅಥವಾ ಹಣಕಾಸು ಸಂಸ್ಥೆ ಯೋಜನೆಯನ್ನು ಪರಿಶೀಲಿಸಿ ಅದರಲ್ಲಿ ಪಾಲು ಹಾಕಿರಬೇಕು. ಸಣ್ಣ ಕಂಪನಿಗಳ ಐಪಿಒ ಅಲ್ಲಿಗೆ ಹೆಚ್ಚುಕಡಿಮೆ ನಿಂತೇಹೋಯಿತು.

ಅದೇ ಕಾಲದಲ್ಲಿ ಸಣ್ಣವರಿಗೆಂದೇ ಇನ್ನೊಂದು ಪೇಟೆ ಕಟ್ಟಿದ್ದರು, ಓಟಿಸಿಇಐ. ಐಸಿಐಸಿಐ, ಯುಟಿಐ, ಐಡಿಬಿಐ ಮುಂತಾದ ಸಂಸ್ಥೆಗಳು ಸೇರಿ ಸ್ಥಾಪಿಸಿದ್ದು. ಎನ್‌ಎಸ್‌ಇ ಹುಟ್ಟುವ ಮೊದಲೇ, 1992ರಲ್ಲೇ, ಅಲ್ಲಿ ಕಂಪ್ಯೂಟರ್ ಪರದೆಯ ಮೇಲೆ ವಹಿವಾಟು ನಡೆಯುತ್ತಿತ್ತು. ಮಾರ್ಕೆಟ್ ಮೇಕರ್ ಕೂಡ ಇದ್ದ. ಇರದಿದ್ದದ್ದು ಕೊಳ್ಳುವವರು. ಕೊಳ್ಳುವವರಿಲ್ಲದ್ದರಿಂದ ಮಾರುವವರೂ ಬರಲಿಲ್ಲ, 2015ರಲ್ಲಿ ಅದು ಬಾಗಿಲು ಹಾಕಿತು.

ನಮ್ಮ ಜೆ.ಸಿ. ರಸ್ತೆಯ ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್ ಕೂಡ ಇದೇ ದಾರಿ ಹಿಡಿಯಿತು. 1963ರಲ್ಲಿ ಶುರುವಾದ ಆ ಪೇಟೆ 2014ರ ಡಿಸೆಂಬರ್‌ನಲ್ಲಿ ಕೊನೆಗೊಂಡಿತು. ಮಂಗಳೂರಿನದು ಅದಕ್ಕೂ ಮೊದಲೇ ಹೋಗಿತ್ತು. ಒಂದು ಕಾಲಕ್ಕೆ ಕಂಪನಿ ತನ್ನ ಪ್ರದೇಶದ ಎಕ್ಸ್‌ಚೇಂಜಿನಲ್ಲಿ ಪಟ್ಟಿಯಾಗುವುದು ಕಡ್ಡಾಯವಿತ್ತು. ಎನ್‌ಎಸ್‌ಇಯ ಪರದೆ ಊರೂರಿಗೂ ಬಂದ ಮೇಲೆ ಸ್ಥಳೀಯ ಪೇಟೆಯಲ್ಲಿ ವಹಿವಾಟು ಬತ್ತಿತು. ಆ ಹಳೆಯ ಎಕ್ಸ್‌ಚೇಂಜುಗಳ ಬಗ್ಗೆ ಹಂಬಲಿಸಿ ಮಾತನಾಡುವವನು ನಾನಲ್ಲ. ಅಲ್ಲಿಯೂ ಕೂಟಗಳಿದ್ದವು, ಕಳ್ಳ ಬೆಲೆಗಳಿದ್ದವು. ಆದರೆ ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ರಾಜಾಜಿನಗರದ ಕಾರ್ಖಾನೆಯ ಮಾಲೀಕ ಎಂಥವನೆಂದು ಬೆಂಗಳೂರಿನ ದಲ್ಲಾಳಿಗೆ ಗೊತ್ತಿರುತ್ತಿತ್ತು, ಅವನ ಮಾತು ಕೇಳಿ ಬಸವನಗುಡಿಯ ನಿವೃತ್ತ ಮೇಷ್ಟರು ನೂರು ಷೇರು ತೆಗೆದುಕೊಳ್ಳುತ್ತಿದ್ದರು. ಇಂದು ಶಿವಮೊಗ್ಗದ ಫೌಂಡ್ರಿಯೊಂದು ಎಸ್‌ಎಂಇ ಐಪಿಒಗೆ ಹೋದರೆ, ಮಾಲೀಕನನ್ನು ಮೂವತ್ತು ವರ್ಷದಿಂದ ಬಲ್ಲ ಊರಿನವರು ಇಪ್ಪತ್ತು ಸಾವಿರ ಹಾಕುತ್ತೇನೆಂದರೂ ಹಾಕಲಾಗದು. ಎರಡು ಲಕ್ಷಕ್ಕೆ ಮೇಲೆ ಇದ್ದರೆ ಮಾತ್ರ ಬನ್ನಿ ಎನ್ನುತ್ತದೆ ನಿಯಮ. ಪಟ್ಟಿಯಾದ ಮೇಲೂ ಲಾಟ್ ಲೆಕ್ಕದಲ್ಲೇ, ಅಂದರೆ ನಿಗದಿತ ಗಾತ್ರದ ಕಂತೆಗಳಲ್ಲೇ, ಕೊಂಡು ಮಾರಬೇಕು. ಬಡ ಹೂಡಿಕೆದಾರ ಸುಟ್ಟುಕೊಳ್ಳದಿರಲಿ ಎಂಬ ಕಾಳಜಿಯಿಂದ ಮಾಡಿದ ನಿಯಮ ಅದು. ಅದರ ಜೊತೆಗೆ, ಕಂಪನಿಯನ್ನು ನಿಜವಾಗಿ ಬಲ್ಲವರೂ ಹೊರಗೆ ಉಳಿದರು. ಪ್ರಾಸ್ಪೆಕ್ಟಸ್ ಇಂಗ್ಲಿಷಿನಲ್ಲಿರುತ್ತದೆ, ಕಂಪನಿಯ ನೋಂದಾಯಿತ ಕಚೇರಿ ಇಲ್ಲಿದ್ದರೆ ಕನ್ನಡ ಪತ್ರಿಕೆಯೊಂದರಲ್ಲಿ ಜಾಹೀರಾತು ಬರುತ್ತದೆ, ಭೂತಗನ್ನಡಿ ಹಿಡಿದು ಓದಬೇಕಾದ ಅಕ್ಷರಗಳಲ್ಲಿ. ಊರಿಗೂ ಐಪಿಒಗೂ ಇರುವ ನಂಟು ಅಷ್ಟೇ.

ದೊಡ್ಡವರಿಗೂ ಒಮ್ಮೆ ಈ ಅಪರಿಚಿತತನ ಕಾಡಿತ್ತು ಎಂದು ಯಾರಾದರೂ ಹೇಳಬಹುದು. ನಿಜ. 1993ರಲ್ಲಿ ಇನ್ಫೋಸಿಸ್ 95 ರೂಪಾಯಿಗೆ ಷೇರು ನೀಡಿದಾಗ ಪೂರ್ತಿ ಅರ್ಜಿ ಬರಲಿಲ್ಲ, ಮಾರ್ಗನ್ ಸ್ಟ್ಯಾನ್ಲಿ ದೊಡ್ಡ ಪಾಲು ಕೊಂಡು ಕಾಪಾಡಿತು. ಆದರೆ ಎಲ್ಲ ವರ್ಕ್‌ಶಾಪ್‌ಗಳೂ ಇನ್ಫೋಸಿಸ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆ ಒಂದು ಉದಾಹರಣೆಯನ್ನು ಪ್ರತಿ ಸಭೆಯಲ್ಲೂ ಎಳೆದು ತರುವವರ ಬಗ್ಗೆ ಎಚ್ಚರವಿರಲಿ.

ಇನ್ನು ನಿಮ್ಮ ಮಗ್ಗುಲಿನ ಅಡ್ಡಿಗಳಿಗೆ ಬರುತ್ತೇನೆ. ಜಾಗದ ವಿಷಯ ಮೊದಲು. ಷೆಡ್ ಇರುವ ನಿವೇಶನ ತಂದೆಯ ಹೆಸರಿನಲ್ಲೋ ಹಳೆಯ ಪಾಲುದಾರಿಕೆಯ ಹೆಸರಿನಲ್ಲೋ ಇರುತ್ತದೆ. ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕೊಟ್ಟ ನಿವೇಶನವಾದರೆ ಸಂಸ್ಥೆಯ ಸ್ವರೂಪ ಬದಲಾದಾಗ ಮಂಡಳಿಯ ಒಪ್ಪಿಗೆ ಬೇಕು. ಅದು ಮುಗಿಯದೆ ಕಂಪನಿಯ ಆಸ್ತಿ ಎಂದು ತೋರಿಸಲು ಏನೂ ಇರುವುದಿಲ್ಲ. ಮನೆಯ ಕಾರು, ಭಾವನಿಗೆ ಕೊಟ್ಟ ಕೈಸಾಲ, ಮಗಳ ಮದುವೆಗೆ ತೆಗೆದ ಹಣ, ಎಲ್ಲವೂ ಒಂದೇ ಲೆಕ್ಕದಲ್ಲಿ ಬೆರೆತಿರುತ್ತವೆ. ಇವನ್ನು ಬಿಡಿಸುವುದು ಬೇಸರದ ಕೆಲಸ, ಆದರೆ ಬಿಡಿಸಬಹುದು.

ಬಿಡಿಸಲಾಗದ್ದು ಗಿರಾಕಿಯ ಗಂಟು. ಇದನ್ನು ಮರ್ಚೆಂಟ್ ಬ್ಯಾಂಕರುಗಳು ಹೇಳುವುದಿಲ್ಲ, ಸೆಬಿಯ ಚರ್ಚಾಪತ್ರಗಳಲ್ಲೂ ಇದಕ್ಕೆ ಜಾಗ ಕಡಿಮೆ. ಪ್ರಾಸ್ಪೆಕ್ಟಸಿನಲ್ಲಿ ನಿಮ್ಮ ಮಾರಾಟದ ಎಷ್ಟು ಪಾಲು ಮೊದಲ ಗಿರಾಕಿಯಿಂದ, ಎಷ್ಟು ಮೊದಲ ಹತ್ತು ಗಿರಾಕಿಗಳಿಂದ ಎಂದು ಹೇಳಬೇಕು. ಮೂರು ವರ್ಷದ ಲಾಭದ ಪ್ರಮಾಣ ಕೊಡಬೇಕು. ನಮ್ಮ ಅಣ್ಣ ತಮ್ಮಂದಿರ ಎರಡು ಗಿರಾಕಿಗಳು ವರ್ಷಕ್ಕೊಮ್ಮೆ ಕರೆದು ದರ ಇಳಿಸಿ ಎನ್ನುವವರು. ಇಷ್ಟು ದಿನ ಅಣ್ಣ ‘ನಮಗೆ ಉಳಿಯುವುದೇ ಇಲ್ಲ ಸಾರ್’ ಎಂದು ಹೇಳಿ ಹೇಗೋ ತಪ್ಪಿಸಿಕೊಳ್ಳುತ್ತಿದ್ದ. ಪ್ರಾಸ್ಪೆಕ್ಟಸ್ ಹೊರಬಿದ್ದ ದಿನ ಖರೀದಿ ವಿಭಾಗದ ಹುಡುಗನೊಬ್ಬ ಅದನ್ನು ಇಳಿಸಿಕೊಂಡು, ಲಾಭದ ಸಾಲಿಗೆ ಗೆರೆ ಎಳೆದು ಇಟ್ಟುಕೊಂಡಿರುತ್ತಾನೆ. ದೊಡ್ಡ ಕಂಪನಿಗೆ ಸಾವಿರ ಗಿರಾಕಿಗಳು. ಅದರ ಲಾಭ ಲೋಕಕ್ಕೆ ಗೊತ್ತಾದರೆ ಒಬ್ಬ ಗಿರಾಕಿಯಿಂದ ತೊಂದರೆಯಾಗದು. ಇಬ್ಬರೇ ಗಿರಾಕಿಗಳಿರುವವನಿಗೆ ಬಹಿರಂಗಪಡಿಸುವುದೆಂದರೆ ಚೌಕಾಸಿಯಲ್ಲಿ ತನ್ನ ಕೈಯ ಎಲೆಗಳನ್ನು ಮಗುಚಿ ಇಟ್ಟಂತೆ. ಹೂಡಿಕೆದಾರನಿಗೆ ಆ ಮಾಹಿತಿ ಬೇಕೇಬೇಕು, ಅದರಲ್ಲಿ ಎರಡು ಮಾತಿಲ್ಲ. ಉದ್ಯಮಿ ಅದನ್ನು ಕೊಟ್ಟರೆ ದಂಡ ತೆರುತ್ತಾನೆ. ಇಬ್ಬರೂ ಸರಿ. ಇದನ್ನು ಬಗೆಹರಿಸುವ ನಿಯಮವನ್ನು ನಾನಂತೂ ಇನ್ನೂ ನೋಡಿಲ್ಲ.

ಈಗ ಒಂದು ಲೆಕ್ಕ ಹಾಕೋಣ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ 2006ರ ಕಾಯ್ದೆಯ ಪ್ರಕಾರ ಸೂಕ್ಷ್ಮ, ಸಣ್ಣ ಉದ್ದಿಮೆಗಳ ಬಿಲ್ಲು ಹೆಚ್ಚೆಂದರೆ 45 ದಿನಗಳಲ್ಲಿ ಪಾವತಿಯಾಗಬೇಕು. ನಮ್ಮ ಅಣ್ಣ ತಮ್ಮಂದಿರಿಗೆ 120 ದಿನಕ್ಕೆ ಬರುತ್ತದೆ ಎಂದಿಟ್ಟುಕೊಳ್ಳಿ. ಈ ಸಭೆಯಲ್ಲಿ ಯಾರೂ ಅದನ್ನು ಅತಿಶಯೋಕ್ತಿ ಎನ್ನಲಾರಿರಿ. ಹೆಚ್ಚುವರಿ 75 ದಿನ. 18 ಕೋಟಿಯನ್ನು 365ರಿಂದ ಭಾಗಿಸಿ 75ರಿಂದ ಗುಣಿಸಿ. ಸುಮಾರು ಮೂರು ಕೋಟಿ 70 ಲಕ್ಷ. ಯಂತ್ರಕ್ಕೆ ಬೇಕಿದ್ದದ್ದು ಎರಡೂವರೆ ಕೋಟಿ!

ಅಂದರೆ ಆ ಹಣ ಅವರದೇ, ಈಗಾಗಲೇ ದುಡಿದದ್ದು. ಗಿರಾಕಿಯ ಖಾತೆಯಲ್ಲಿ ಕುಳಿತಿದೆ. ಆ ಗಿರಾಕಿ ಸಾಮಾನ್ಯವಾಗಿ ಮುಖ್ಯ ಪೇಟೆಯಲ್ಲಿ ಪಟ್ಟಿಯಾದ, ಬೇಕೆಂದಾಗ ಅಗ್ಗದಲ್ಲಿ ಹಣ ಎತ್ತಬಲ್ಲ ಕಂಪನಿ. ಷೇರುಪೇಟೆಗೆ ಹೋಗಲಾಗದವನು ಷೇರುಪೇಟೆಯಲ್ಲಿರುವವನಿಗೆ ಬಡ್ಡಿಯಿಲ್ಲದೆ ಸಾಲ ಕೊಟ್ಟು, ತಾನು ಬ್ಯಾಂಕಿನ ಮುಂದೆ ಕೈಕಟ್ಟಿ ನಿಂತಿದ್ದಾನೆ. ಸಣ್ಣ ಉದ್ಯಮದ ಬಂಡವಾಳದ ಕೊರತೆ ಎಂದು ನಾವು ಕರೆಯುವುದರ ದೊಡ್ಡ ಪಾಲು ಇದೇ.

ಇದಕ್ಕೆ ಕಾನೂನಿನಲ್ಲಿ ದಾರಿಗಳಿವೆ. ತಡವಾದ ಪಾವತಿಗೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕು ನಿಮಗಿದೆ, ಆದರೆ ಇರುವ ಇಬ್ಬರು ಗಿರಾಕಿಗಳಲ್ಲಿ ಒಬ್ಬರ ಮೇಲೆ ಯಾರು ದೂರು ಕೊಡುತ್ತಾರೆ? ಆದಾಯ ತೆರಿಗೆಯ 43ಬಿ(ಎಚ್) ವಿಧಿ 2024ರ ಏಪ್ರಿಲ್‌ನಿಂದ ಬಂತು; ಸಮಯಕ್ಕೆ ಪಾವತಿಸದ ಖರೀದಿದಾರನಿಗೆ ಆ ವರ್ಷ ಆ ಖರ್ಚಿನ ವಿನಾಯಿತಿ ಸಿಗದು. ಅದರಿಂದ ಸ್ವಲ್ಪ ಬಿಸಿ ತಾಗಿದೆ. ನಾನು ಹೆಚ್ಚು ನಂಬುವುದು ಟ್ರೆಡ್ಸ್ ವೇದಿಕೆಗಳನ್ನು. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಇತ್ಯಾದಿ. ಗಿರಾಕಿ ಒಪ್ಪಿದ ಬಿಲ್ಲನ್ನು ಅಲ್ಲಿ ಬ್ಯಾಂಕುಗಳು ಹರಾಜಿನಲ್ಲಿ ಕೊಳ್ಳುತ್ತವೆ. ಬಡ್ಡಿ ನಿಗದಿಯಾಗುವುದು ನಿಮ್ಮ ಹೆಸರಿನ ಮೇಲಲ್ಲ, ಗಿರಾಕಿಯ ಹೆಸರಿನ ಮೇಲೆ. ಗಿರಾಕಿ ಕೊಡದಿದ್ದರೆ ಬ್ಯಾಂಕು ನಿಮ್ಮ ಹಿಂದೆ ಬರುವಂತಿಲ್ಲ. 250 ಕೋಟಿಗೂ ಹೆಚ್ಚು ವಹಿವಾಟಿರುವ ಕಂಪನಿಗಳು ಇಲ್ಲಿ ನೋಂದಾಯಿಸುವುದು ಈಗ ಕಡ್ಡಾಯ. ನೋಂದಣಿ ಕಡ್ಡಾಯ, ಬಿಲ್ಲನ್ನು ಅಲ್ಲಿ ಒಪ್ಪುವುದು ಕಡ್ಡಾಯವಲ್ಲ! ನಿಮ್ಮ ಸಂಘಗಳು ಸರ್ಕಾರದ ಮುಂದೆ ಒಂದೇ ಒಂದು ಬೇಡಿಕೆ ಇಡುವುದಾದರೆ ಐಪಿಒಗೆ ಸಹಾಯಧನ ಕೇಳಬೇಡಿ, ಈ ರಂಧ್ರ ಮುಚ್ಚಿ ಎಂದು ಕೇಳಿ.

ಮಾತು ಮುಗಿದ ಮೇಲೆ ಎರಡು ಪ್ರಶ್ನೆಗಳು ಬಂದವು. ಅವನ್ನೂ ಇಲ್ಲಿ ಸೇರಿಸುತ್ತಿದ್ದೇನೆ.

‘ಹಾಗಾದರೆ ಎಸ್‌ಎಂಇ ಐಪಿಒಗೆ ಯಾರೂ ಹೋಗಬಾರದು ಎನ್ನುತ್ತೀರಾ?’ ಎಂದು ಒಬ್ಬರು ಕೇಳಿದರು. ಹೋಗಬಹುದು. ಹದಿನೈದು ಇಪ್ಪತ್ತು ಕೋಟಿ ನಿಜವಾಗಿ ಬೇಕಿರುವವರು, ಅದರಿಂದ ಕಟ್ಟುವ ಘಟಕಕ್ಕೆ ಜಾಗ, ಯಂತ್ರದ ದರಪಟ್ಟಿ, ಆರ್ಡರ್ ಮೂರೂ ಕೈಯಲ್ಲಿರುವವರು ಹೋಗಬಹುದು. ಗಿರಾಕಿಗಳು ಹತ್ತಾರು ಜನರಿರಬೇಕು. ಜಿಎಸ್‌ಟಿ ವಿವರ, ಬ್ಯಾಂಕ್ ಖಾತೆ, ಲೆಕ್ಕಪುಸ್ತಕ ಮೂರೂ ಒಂದೇ ಅಂಕಿ ಹೇಳಬೇಕು. ಗುಜರಾತ್, ಮಹಾರಾಷ್ಟ್ರದ ಕಂಪನಿಗಳು ಈ ವೇದಿಕೆಗಳಲ್ಲಿ ಹೆಚ್ಚಿರುವುದಕ್ಕೆ ಅಲ್ಲಿ ಇದನ್ನೆಲ್ಲ ಮಾಡಿಸುವ ಮಧ್ಯವರ್ತಿಗಳು ಹೆಚ್ಚಿರುವುದೂ ಒಂದು ಕಾರಣ. ನಮ್ಮಲ್ಲಿ ಆ ಕೆಲಸವನ್ನು ನೀವೇ ಮೂರು ವರ್ಷ ಮೊದಲೇ ಶುರು ಮಾಡಬೇಕು. ನನ್ನನ್ನು ಕೇಳಿದರೆ ಮೊದಲ ಅರ್ಜಿ ಎಕ್ಸ್‌ಚೇಂಜಿಗಲ್ಲ, ನಿವೇಶನದ ಹೆಸರು ಬದಲಿಸಲು ಕೆಐಎಡಿಬಿಗೆ.

ಇನ್ನೊಬ್ಬರು ತಮ್ಮ ಹತ್ತಿರ ಬಂದ ಸಲಹೆಗಾರರೊಬ್ಬರ ವಿಷಯ ಹೇಳಿದರು. ಮುಂಗಡ ಕೊಟ್ಟರೆ ಪಟ್ಟಿಯಾಗುವ ದಿನ ಬೆಲೆ ದುಪ್ಪಟ್ಟು ಮಾಡಿಸಿಕೊಡುತ್ತೇನೆ ಎಂದಿದ್ದಾರಂತೆ. ಮೊದಲ ದಿನದ ಆರಂಭದ ಬೆಲೆ ಐಪಿಒ ಬೆಲೆಗಿಂತ ಶೇ. 90ಕ್ಕಿಂತ ಹೆಚ್ಚು ಏರದಂತೆ ಎನ್‌ಎಸ್‌ಇ 2024ರ ಜುಲೈನಲ್ಲೇ ಮಿತಿ ಹಾಕಿದೆ, ಆದ್ದರಿಂದ ಆ ಸಲಹೆಗಾರರಿಗೆ ನಿಯಮವೇ ಗೊತ್ತಿಲ್ಲ ಎಂದೆ. ಗೊತ್ತಿದ್ದು ಹೇಳಿದ್ದರೆ ಅದು ಬೆಲೆಯ ಕೈವಾಡ. ಸಿಕ್ಕಿಬಿದ್ದಾಗ ಸೆಬಿಯ ನೋಟಿಸು ಬರುವುದು ನಿಮ್ಮ ಹೆಸರಿಗೂ. ‘ಮುಂಗಡ ಕೊಟ್ಟಾಗಿದೆ’ ಎಂದರು. ಅದನ್ನು ಈ ವರ್ಷದ ನಷ್ಟಕ್ಕೆ ಬರೆದುಕೊಳ್ಳಿ ಎಂದೆ.